ನಾನು ಅನುವಾದಿಸದ ಪುಟ

ಶಿರಸಿಯ ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿ, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದೆ. ಮನೆ ದಾಸನಕೊಪ್ಪದಲ್ಲಿ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಕೆಲಸ ಬಿಟ್ಟ ಮೇಲೂ ಊರಿಗೆ ನಾನು ಅಕ್ಕೋರೇ. ಬ್ಯಾಂಕಿನಿಂದ ಇಂಗ್ಲಿಷ್ ಕಾಗದ ಬಂದರೆ, ಔಷಧದ ಡಬ್ಬಿಯ ಮೇಲಿನ ಬರಹ ಓದಬೇಕಾದರೆ, ಎಲ್ಲರೂ ನಮ್ಮ ಕಟ್ಟೆಗೇ ಬರುತ್ತಿದ್ದರು. ನಾನು ಓದಿ ಹೇಳಿದ್ದನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಅಕ್ಕೋರು ಹೇಳಿದರೆ ಮುಗಿಯಿತು.

ಹಾಗಿರುವಾಗ ಸಿದ್ದಾಪುರ ಕಡೆಯ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಒಂದು ಸ್ವಯಂಸೇವಾ ಸಂಸ್ಥೆಯ ಸಂಯೋಜಕರು. ಫಿನ್‌ಲ್ಯಾಂಡ್ ದೇಶದವರೂ ಇವರೂ ಸೇರಿ ನಮ್ಮೂರ ಹೊರಗಿನ ಹಳೆ ಅಕ್ಕಿ ಗಿರಣಿಯಲ್ಲಿ ಒಂದು ಘಟಕ ಹಾಕುವವರಿದ್ದರು. ಗೋವಿನಜೋಳದ ದಂಟು, ಭತ್ತದ ಹೊಟ್ಟು, ಯಲ್ಲಾಪುರದ ಸಾಮಿಲ್ಲುಗಳಲ್ಲಿ ರಾಶಿ ಬೀಳುವ ಮರದ ಪುಡಿ, ಇವನ್ನೆಲ್ಲ ಒಣಗಿಸಿ, ಯಂತ್ರದಲ್ಲಿ ಒತ್ತಿ, ಬೆರಳಿನ ತುದಿಯಷ್ಟು ಗಾತ್ರದ ಉರುವಲು ಮಾಡುವುದು. ಯಂತ್ರ ಮತ್ತು ವಿದ್ಯೆ ಅವರದು, ಜಾಗ ಮತ್ತು ಕೈಗಳು ನಮ್ಮವು.

“ಮೇಡಂ, ಅವರ ಇಂಗ್ಲಿಷು ನಂಗೆ ಒಂದಕ್ಷರ ತಿಳೀತಿಲ್ಲೆ. ನೀವು ನಡುವೆ ಇದ್ದರೆ ಆಗ್ತು,” ಅಂದರು.

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೂ ಆಯಿತು.

ಆ ದೇಶದಿಂದ ಬಂದ ಇಂಜಿನಿಯರ್ ಒಬ್ಬ ಹೆಂಗಸು. ಅರವತ್ತರ ಆಸುಪಾಸು, ಎತ್ತರದ ಆಳು, ಕೂದಲೆಲ್ಲ ಬೆಳ್ಳಗೆ. ಊರವರು ಅವರನ್ನು ಇಂಜಿನಿಯರಮ್ಮ ಅಂದರು, ಅದೇ ಉಳಿಯಿತು. ಘಟಕದಲ್ಲಿ ಕೆಲಸಕ್ಕೆ ಸೇರಿದ್ದು ನಮ್ಮೂರಿನ ಹೆಂಗಸರ ಸಂಘ. ಸಂಘದ ಮುಖ್ಯಸ್ಥೆ ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧ ಇಲ್ಲ, ಆದರೆ ನಾನು ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ಅವರನ್ನು ಚಿಕ್ಕಮ್ಮನೆಂದೇ ಬಗೆದು ಚಿಗವ್ವ ಎಂದು ಕರೆದಿದ್ದೇನೆ. ಆಗ ನನಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಅತ್ತೆಗೆ ಗೊತ್ತಾಗದ ಹಾಗೆ ಹಿತ್ತಿಲ ಕಡೆಯಿಂದ ಬಂದು ಕಲಿಸಿದವರು ಚಿಗವ್ವ.

ಚಿಗವ್ವ ಆ ಉರುವಲಿಗೆ ಗುಳಿಗೆ ಅಂತ ಹೆಸರಿಟ್ಟರು. “ಒಲಿಗೆ ಜ್ವರ ಬಂದ್ರ ನುಂಗಿಸೋ ಗುಳಿಗಿ,” ಎಂದು ನಗುತ್ತಿದ್ದರು. ಅವರಿಗೂ ಇಂಜಿನಿಯರಮ್ಮನಿಗೂ ಎಂಥದೋ ಹೊಂದಾಣಿಕೆ ಕೂಡಿಬಂತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಯಂತ್ರದ ಬಳಿ ಇಬ್ಬರೂ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಪುಡಿ ತೆಗೆದು ಮುಷ್ಟಿ ಕಟ್ಟಿ ನೋಡುತ್ತಿದ್ದರು. ಮುಷ್ಟಿ ಬಿಚ್ಚಿದಾಗ ಪುಡಿ ಉದುರಿದರೆ ಒಣಗಿದೆ ಅಂತ, ಉಂಡೆಯಾದರೆ ಹಸಿ ಅಂತ. ಚಿಗವ್ವನ ಅಂದಾಜು ತಪ್ಪುತ್ತಿರಲಿಲ್ಲ. ಇಂಜಿನಿಯರಮ್ಮ ಮೊದಮೊದಲು ಮೀಟರು ಹಾಕಿ ಪರೀಕ್ಷಿಸಿದರು, ಆಮೇಲೆ ಮೀಟರು ಚೀಲದಲ್ಲೇ ಉಳಿಯಿತು.

ನನ್ನ ಕೆಲಸ ಕೈಪಿಡಿಯನ್ನು ಕನ್ನಡಕ್ಕೆ ತರುವುದು. ಅವರ ಭಾಷೆಯಿಂದ ಇಂಗ್ಲಿಷಿಗೆ ಆಗಲೇ ಆಗಿತ್ತು. ಯಂತ್ರ ಹಾಕುವುದು, ನಿಲ್ಲಿಸುವುದು, ಎಣ್ಣೆ ಬಿಡುವುದು, ಕೈಗವಸು ತೊಡುವುದು, ಕಿಡಿ ಹಾರಿದರೆ ಏನು ಮಾಡುವುದು. ಒಂದೊಂದು ಪುಟವನ್ನೂ ಮೊದಲು ಚಿಗವ್ವನಿಗೆ ಓದಿ ಹೇಳುತ್ತಿದ್ದೆ. ಅವರಿಗೆ ತಿಳಿದರೆ ಎಲ್ಲರಿಗೂ ತಿಳಿದ ಹಾಗೆ.

ಕೊನೆಗೆ ಒಂದು ಪುಟ ಉಳಿಯಿತು. ಗುಳಿಗೆಗಳನ್ನು ಮುಚ್ಚಿದ ಕೋಣೆಯಲ್ಲಿ ತುಂಬಿಟ್ಟರೆ ಅವುಗಳಿಂದ ಒಂದು ಅನಿಲ ಹೊರಡುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಯಾಡಿಸದೆ ಒಳಗೆ ಹೋಗಬಾರದು, ಎಂದಿತ್ತು. ಮೇಲೆ ತ್ರಿಕೋನದ ಗುರುತು, ಅದರೊಳಗೆ ಬಿದ್ದ ಮನುಷ್ಯನ ಚಿತ್ರ.

ಪುಸ್ತಕ ಅಚ್ಚಿಗೆ ಹೋಗುವ ಗಡಿಬಿಡಿ. ಸಂಯೋಜಕರು ಆ ಪುಟ ನೋಡಿ, “ಎಂತಕ್ಕೆ ಮೇಡಂ ಇದು? ನಮ್ಮದು ತೆರೆದ ಶೆಡ್ಡು. ಚೀಲದಲ್ಲಿ ಇಡ್ತೊ. ಮುಚ್ಚಿದ ಕೋಣೆ ಎಲ್ಲಿದ್ದು? ಹೆಂಗಸರು ಸುಮ್ಮನೆ ಹೆದರ್ತ,” ಅಂದರು.

ಅವರ ಮಾತು ಆ ದಿನದ ಮಟ್ಟಿಗೆ ನಿಜವೇ. ಗೋಡೆಯೇ ಇಲ್ಲದ ಶೆಡ್ಡು ಅದು. ನಾನು ಹೂಂ ಅಂದೆ. ಪುಟ ಬಿಟ್ಟುಹೋಯಿತು. ಪುಸ್ತಕ ಬಂತು, ಹೊದಿಕೆಯ ಒಳಗೆ ಅನುವಾದ ಎಂದು ನನ್ನ ಹೆಸರು. ಇಂಜಿನಿಯರಮ್ಮ ಹಾಳೆ ಹಾಳೆ ತಿರುವಿ ನೋಡಿ ನನ್ನ ಕೈ ಕುಲುಕಿ ತಮ್ಮ ದೇಶಕ್ಕೆ ಹೋದರು.

ಮಳೆಗಾಲ ಬಂತು. ಚೀಲದಲ್ಲಿದ್ದ ಗುಳಿಗೆಗಳು ಥಂಡಿ ಕುಡಿದು ಉಬ್ಬಿ ಪುಡಿಯಾದವು. ಹಾಸ್ಟೆಲ್ಲಿನ ಅಡುಗೆಯವರು, ಹೋಟೆಲಿನವರು, ಹೊಗೆ ಬರುತ್ತದೆ ಎಂದು ವಾಪಸು ಕಳಿಸಿದರು. ಹೆಂಗಸರ ತಿಂಗಳುಗಟ್ಟಲೆಯ ದುಡಿಮೆ ಕೆಸರಾಯಿತು. ಅದನ್ನು ನೋಡಿ ಸಂಯೋಜಕರೂ ಸಂಘದವರೂ ಕೂಡಿ ಒಂದು ಕಣಜ ಕಟ್ಟಿಸಿದರು. ಕಬ್ಬಿಣದ ಚೌಕಟ್ಟು, ಸುತ್ತ ತಗಡು, ಸಂದಿಯಲ್ಲೆಲ್ಲ ಡಾಂಬರು. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಅದಕ್ಕೆ ಬಿಗಿ ಮುಚ್ಚಳ, ಕೆಳಗೆ ಗುಳಿಗೆ ಸುರಿಯಲು ಕಿಂಡಿ. ಒಂದು ಹನಿ ನೀರು ಹೋಗುವುದಿಲ್ಲ ಎಂದು ಎಲ್ಲರಿಗೂ ಸಮಾಧಾನ. ನಾನೂ ಹೋಗಿ ನೋಡಿ, ತಗಡು ತಟ್ಟಿ, ಚೆನ್ನಾಗಿದೆ ಅಂದೆ. ಆ ಪುಟದ ನೆನಪು ನನಗೆ ಆಗಲಿಲ್ಲ. ಎಷ್ಟು ಯೋಚಿಸಿದರೂ ಇವತ್ತಿಗೂ ನನಗೆ ಅರಗದ ಸಂಗತಿ ಇದೇ.

ಮಳೆ ಕಳೆದು ಬಿಸಿಲು ಏರುವ ಹೊತ್ತಿಗೆ ಇಂಜಿನಿಯರಮ್ಮ ಮತ್ತೆ ಬಂದರು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನೂ ಸಂಯೋಜಕರೂ ಅವರನ್ನು ಜೀಪಿನಲ್ಲಿ ಘಟಕಕ್ಕೆ ಕರೆತಂದೆವು. ಗೇಟಿನ ಬಳಿ ಯಲ್ಲಾಪುರದ ಲಾರಿ ನಿಂತಿತ್ತು, ಮರದ ಪುಡಿ ಇಳಿಸಿ ಖಾಲಿಯಾಗಿತ್ತು. ಇಂಜಿನಿಯರಮ್ಮ ಜೀಪಿನಿಂದ ಇಳಿದವರೇ ಕಣಜದ ಕಡೆ ನೋಡಿದರು. ನಗುತ್ತಿದ್ದ ಮುಖ ಹಾಗೆಯೇ ನಿಂತುಬಿಟ್ಟಿತು.

“ಇದೇನು? ಇದಕ್ಕೆ ಗಾಳಿಯ ದಾರಿ ಎಲ್ಲಿದೆ?”

ನಾನು ಆ ಪ್ರಶ್ನೆಯನ್ನು ಸಂಯೋಜಕರಿಗೆ ದಾಟಿಸುವ ಮೊದಲೇ ಕಣಜದ ಆಚೆಯಿಂದ ಒಬ್ಬಾಕೆ ಕೂಗಿದಳು: “ಅಕ್ಕೋರ, ಬರ್ರಿ ಲಗೂನ! ಚಿಗವ್ವ ಮಾತಾಡವಲ್ಲಳು!”

ನಡೆದದ್ದು ಇಷ್ಟು. ಇಂಜಿನಿಯರಮ್ಮ ಬರುತ್ತಾರೆಂದು ಚಿಗವ್ವ ಬೆಳಿಗ್ಗೆಯೇ ತಯಾರಿ ನಡೆಸಿದ್ದರು. ಕಿಂಡಿ ತೆಗೆದರೆ ಗುಳಿಗೆ ದಬದಬ ಸುರಿಯುವುದನ್ನು ಅವರಿಗೆ ತೋರಿಸಬೇಕು. ಆದರೆ ಕಿಂಡಿಯಲ್ಲಿ ಗುಳಿಗೆ ಕಟ್ಟಿಕೊಂಡಿತ್ತು. ಒಂದು ಬಿದಿರ ಗಳ ಹಿಡಿದು, ಏಣಿ ಹತ್ತಿ, ಮುಚ್ಚಳ ತೆಗೆದು, ಮೇಲಿನ ಬಾಯಿಂದ ಒಳಗಿಳಿದಿದ್ದರು. ಜೀಪಿನ ಸದ್ದು ಕೇಳಿ ಹೊರಗಿದ್ದಾಕೆ ಕರೆದಾಗ ಒಳಗಿನಿಂದ ಉತ್ತರವಿಲ್ಲ.

ನಾನು ಏಣಿ ಹತ್ತಿದೆ. ಬಾಯಿಯೊಳಗೆ ಬಗ್ಗಿ ನೋಡಿದರೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಚಿಗವ್ವ ಗುಳಿಗೆಯ ರಾಶಿಯ ಮೇಲೆ ಮಗ್ಗುಲಾಗಿ ಮಲಗಿದ್ದರು. ಕೈ ಕೆನ್ನೆಯ ಕೆಳಗೆ. ಮಧ್ಯಾಹ್ನ ಊಟ ಮುಗಿಸಿ ಒಂದು ಗಳಿಗೆ ಅಡ್ಡಾದವರ ಹಾಗೆ. ಹೊಗೆಯಿಲ್ಲ, ಬೆಂಕಿಯಿಲ್ಲ. ಹೊಸ ಮರದ ವಾಸನೆ, ಅಷ್ಟೇ. ತಲೆ ತಿರುಗಿ ಬಿದ್ದಿರಬೇಕು ಅಂದುಕೊಂಡೆ. ಸೀರೆ ಎತ್ತಿ ಕಟ್ಟಿ ಒಂದು ಕಾಲು ಒಳಗಿಟ್ಟೆ.

ಹಿಂದೆಯೇ ಏಣಿ ಹತ್ತಿ ಬಂದ ಯಾರೋ ನನ್ನ ಜಡೆ ಹಿಡಿದು ಜಗ್ಗಿದರು. ಎಂಥ ಜಗ್ಗು ಅದು! ಏಣಿಯಿಂದ ಹಿಂದಕ್ಕೆ ಬಿದ್ದೆ. ಬಿದ್ದದ್ದು ಇಂಜಿನಿಯರಮ್ಮನ ಮೇಲೆಯೇ. ಅವರು ಏಳುವ ಮೊದಲೇ ಏಣಿಯನ್ನು ಕಾಲಿನಿಂದ ಒದ್ದು ಬೀಳಿಸಿದರು.

“ಯಾರೂ ಹೋಗಕೂಡದು! ಯಾರೂ!”

ನನಗೆ ಹುಚ್ಚು ಹಿಡಿದಂತಾಯಿತು. ಒಳಗೆ ಚಿಗವ್ವ ಬಿದ್ದಿದ್ದಾರೆ, ಈಕೆ ಏಣಿ ಒದೆಯುತ್ತಾಳೆ. ನಾನು ಅವರ ತೋಳಿಗೆ ಹೊಡೆದೆ. ಹೌದು, ನನಗಿಂತ ಹಿರಿಯರ ಮೇಲೆ, ಊರಿಗೆ ಬಂದ ಅತಿಥಿಯ ಮೇಲೆ ಕೈ ಮಾಡಿದೆ. ಇನ್ನೊಬ್ಬಾಕೆ ಏಣಿ ಎತ್ತಿ ನಿಲ್ಲಿಸಲು ಓಡಿದಳು. ಇಂಜಿನಿಯರಮ್ಮ ನನ್ನ ಎರಡೂ ಭುಜ ಹಿಡಿದು ಅಲುಗಿಸಿ ಹೇಳಿದರು:

“ಒಳಗೆ ಹೋದವರು ಅಲ್ಲೇ ಬೀಳುತ್ತಾರೆ. ನೀನು, ಆಮೇಲೆ ಅವಳು, ಆಮೇಲೆ ಇನ್ನೊಬ್ಬಳು. ಗೋಡೆ ಒಡೆಯಲು ಹೇಳು. ಅವರಿಗೆ ಹೇಳು. ಈಗಲೇ!”

ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಆ ತ್ರಿಕೋನ, ಅದರೊಳಗಿನ ಬಿದ್ದ ಮನುಷ್ಯ, ಎರಡೂ ಕಣ್ಣಿಗೆ ಹೊಡೆದಂತೆ ಬಂದವು. ಹೆಂಗಸರ ಕಡೆ ತಿರುಗಿ ಕಿರುಚಿದೆ. “ತಗಡು ಕೀಳ್ರಿ! ಯಾರೂ ಒಳಗ ಇಳೀಬ್ಯಾಡ್ರಿ, ತಗಡು ಕೀಳ್ರಿ!”

ಕೆಲಸ ಮಾಡಿದ್ದು ಲಾರಿ ಡ್ರೈವರ್. ಯಲ್ಲಾಪುರದ ಮನುಷ್ಯ, ಅಲ್ಲಿಯವರೆಗೆ ನಮಸ್ಕಾರದ ಹೊರತು ಮಾತಾಡಿದವನಲ್ಲ. ಅವನು ಏನೂ ಕೇಳಲಿಲ್ಲ. ಲಾರಿಯ ಸರಪಳಿ ತಂದು ಕಿಂಡಿಯ ಚೌಕಟ್ಟಿಗೆ ಸಿಕ್ಕಿಸಿ, ಲಾರಿಯನ್ನು ಮುಂದಕ್ಕೆ ಹಾರಿಸಿದ. ಮೊದಲ ಸಲ ಸರಪಳಿ ಜಾರಿತು. ಎರಡನೇ ಸಲ ಇಡೀ ಒಂದು ಮಗ್ಗುಲಿನ ತಗಡು ಕಿರ್ರೆಂದು ಕಿತ್ತು ಬಂತು. ಗುಳಿಗೆಗಳು ಹೊಳೆಯ ಹಾಗೆ ಹೊರಗೆ ಹರಿದವು. ಅವುಗಳ ನಡುವೆ ಚಿಗವ್ವನ ಎರಡು ಪಾದಗಳು ಕಂಡವು, ಕಾಲುಂಗುರ ಸಮೇತ.

ಇಂಜಿನಿಯರಮ್ಮ ಕೈಯೆತ್ತಿ ಎಲ್ಲರನ್ನೂ ತಡೆದು, ಗಾಳಿ ನುಗ್ಗಲಿ ಎಂದು ಕಾದರು. ಎಷ್ಟು ಹೊತ್ತೋ ತಿಳಿಯದು, ನನಗೆ ಬಹಳ ಹೊತ್ತು. ಆಮೇಲೆ ತಾವೇ ಉಸಿರು ಬಿಗಿಹಿಡಿದು ಹೋಗಿ ಪಾದ ಹಿಡಿದರು. ಡ್ರೈವರ್ ಇನ್ನೊಂದು ಪಾದ ಹಿಡಿದ. ಎಳೆದು ಅಂಗಳಕ್ಕೆ ತಂದರು.

ಚಿಗವ್ವನ ಮುಖದಲ್ಲಿ ಕಾಯಿಲೆಯ ಕಳೆಯೇ ಇರಲಿಲ್ಲ. ಕೆನ್ನೆ ಕೆಂಪಗಿತ್ತು. ಇಷ್ಟು ಆರೋಗ್ಯದ ಮುಖ ಹೊತ್ತು ಮನುಷ್ಯರು ಸಾಯಬಹುದೇ? ಉಸಿರು ಇತ್ತು, ದಾರದಷ್ಟು.

ಜೀಪಿನ ಕಿಟಕಿಗಳನ್ನೆಲ್ಲ ಇಳಿಸಿ ಶಿರಸಿಗೆ ಹೊರಟೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಇಂಜಿನಿಯರಮ್ಮ ವೈದ್ಯರಿಗೆ ನೇರವಾಗಿ ಎರಡೇ ಪದದಲ್ಲಿ ಆ ಅನಿಲದ ಹೆಸರು ಹೇಳಿದರು. ವೈದ್ಯರು ತಕ್ಷಣ ಆಮ್ಲಜನಕ ಹಚ್ಚಿದರು. ಏನಾಗಿದೆ ಎಂದು ಗೊತ್ತಿಲ್ಲದೆ ಬಂದಿದ್ದರೆ ಹೊತ್ತು ಕಳೆದುಹೋಗುತ್ತಿತ್ತು ಎಂದು ಆಮೇಲೆ ಹೇಳಿದರು.

ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಇಂಜಿನಿಯರಮ್ಮನ ಮೊಣಕೈ ತರಚಿ ರಕ್ತ ಒಣಗಿತ್ತು. ಅವರು ಚೀಲದಿಂದ ನಮ್ಮ ಕನ್ನಡ ಕೈಪಿಡಿ ತೆಗೆದು ನನ್ನ ಕೈಗೆ ಕೊಟ್ಟರು.

“ದಾಸ್ತಾನಿನ ಪುಟ ತೋರಿಸು,” ಅಂದರು. “ಇಷ್ಟು ಸ್ಪಷ್ಟವಾಗಿ ಬರೆದಿರುವಾಗ ಅವಳು ಹೇಗೆ ಒಳಗೆ ಹೋದಳು ಅಂತ ನನಗೆ ತಿಳಿಯಬೇಕು.”

ನಾನು ಪುಸ್ತಕ ತೆರೆಯಲಿಲ್ಲ.

“ಅದು ಇಲ್ಲ,” ಅಂದೆ. “ನಾನು ಬಿಟ್ಟೆ.”

ಅವರಿಗೆ ಕೇಳಿಸಲಿಲ್ಲವೇನೋ ಎಂಬಂತೆ ನನ್ನ ಮುಖ ನೋಡಿದರು. ನಾನು ಎಲ್ಲ ಹೇಳಿದೆ. ತೆರೆದ ಶೆಡ್ಡು, ಅಚ್ಚಿನ ಗಡಿಬಿಡಿ, ಸಂಯೋಜಕರ ಮಾತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅದಷ್ಟೇ ನಿಜವಲ್ಲ. ಆ ಪುಟದ ಮೂರನೇ ಸಾಲಿಗೆ ನನ್ನ ಬಳಿ ಕನ್ನಡ ಇರಲಿಲ್ಲ. ಉರಿಯದೆ, ಕೊಳೆಯದೆ, ಸುಮ್ಮನೆ ಬಿದ್ದಿರುವ ಕಟ್ಟಿಗೆ ವಿಷ ಬಿಡುತ್ತದೆ ಎಂಬುದು ನನಗೇ ಸರಿಯಾಗಿ ಅರ್ಥವಾಗಿರಲಿಲ್ಲ. ಅರ್ಥವಾಗಲಿಲ್ಲ ಎಂದು ಕೇಳಲು ಅಕ್ಕೋರಿಗೆ ನಾಚಿಕೆ. ಸಂಯೋಜಕರು ಬೇಡ ಅಂದಾಗ ನನಗೆ ಬಿಡುಗಡೆ ಸಿಕ್ಕಂತಾಗಿತ್ತು. ಇದನ್ನೂ ಹೇಳಿದೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ತ್ರಿಕೋನದ ಚಿತ್ರ ಇಲ್ಲದ್ದು ನಾನು ಗಮನಿಸಿದ್ದೆ,” ಅಂದರು. “ಬೇರೆ ಎಲ್ಲೋ ಸೇರಿಸಿರಬೇಕು ಅಂದುಕೊಂಡೆ. ಕೇಳಲಿಲ್ಲ. ನಿನ್ನ ಕೈ ಕುಲುಕಿದೆ.”

ನಾನು ನಲ್ಲಿಯ ನೀರಿನಲ್ಲಿ ಸೆರಗು ನೆನೆಸಿ ತಂದು ಅವರ ಮೊಣಕೈ ಒರೆಸಿದೆ.

ಚಿಗವ್ವ ಸಂಜೆಗೆ ಕಣ್ಣು ಬಿಟ್ಟರು. ಬದುಕಿದರು. ಹತ್ತು ದಿನಕ್ಕೆ ಮನೆಗೂ ಬಂದರು. ಆದರೆ ಮೊದಲಿನ ಚಿಗವ್ವ ಪೂರ್ತಿ ಬರಲಿಲ್ಲ. ಬಲಗೈ ಸಣ್ಣಗೆ ನಡುಗುತ್ತಿತ್ತು. ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದರು. ಸಂಘಕ್ಕೆ ಸೇರಿದ ಮೇಲೆ ಐವತ್ತು ದಾಟಿದ ವಯಸ್ಸಿನಲ್ಲಿ ಸಹಿ ಹಾಕಲು ಕಲಿತವರು ಅವರು, ನನ್ನ ಕಟ್ಟೆಯ ಮೇಲೆಯೇ. ಈಗ ಸಹಿಯ ಮೊದಲ ಅಕ್ಷರದ ಸುತ್ತು ಕೂಡುತ್ತಿರಲಿಲ್ಲ.

ಮೂರು ವಾರ ನಾನು ದಿನಾ ಹೋಗಿ ಗಂಜಿ ಕೊಟ್ಟು ಬಂದೆ, ಆ ಪುಟದ ವಿಷಯ ಹೇಳಲಿಲ್ಲ. ಒಂದು ಮಧ್ಯಾಹ್ನ ಅವರೇ, “ನಮ್ಮ ಹಣೆಬರಾ ನೋಡ್ರಿ ಅಕ್ಕೋರ. ಯಾರಿಗೆ ಗೊತ್ತಿತ್ತು ಹಿಂಗ ಆಗತೈತಿ ಅಂತ,” ಅಂದರು.

ಅದನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

“ನನಗ ಗೊತ್ತಿತ್ತು, ಚಿಗವ್ವ. ಪುಸ್ತಕದಾಗ ಇತ್ತು. ನಾನು ಬರೀಲಿಲ್ಲ.”

ಅವರು ನನ್ನನ್ನು ನೋಡಿದ ನೋಟ ಸಿಟ್ಟಿನದಲ್ಲ. ಪರಿಚಯ ಇಲ್ಲದವರು ಮನೆಯೊಳಗೆ ಬಂದು ಕೂತಿದ್ದಾರೆ, ಯಾರಿವರು ಎಂದು ನೋಡುವ ನೋಟ.

“ನೀವು ಓದಿದ್ರಿ?”

“ಓದಿದ್ದೆ.”

“ಎಲ್ಲಾ ಪುಟ ನನಗ ಓದಿ ಹೇಳ್ತಿದ್ರೆಲ್ಲ. ಅದೊಂದು ಯಾಕ ಹೇಳಲಿಲ್ಲ?”

ಅವರು ಗೋಡೆಯ ಕಡೆ ತಿರುಗಿ ಮಲಗಿದರು. “ನಾಳಿಂದ ಗಂಜಿ ತರಬ್ಯಾಡ್ರಿ,” ಅಂದರು.

ತರಲಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆ. ಅವರ ಮನೆಯ ಕೆಮ್ಮು ನಮಗೆ ಕೇಳುತ್ತದೆ. ಆದರೂ ಮಾತು ನಿಂತಿತು. ಹಿತ್ತಿಲಲ್ಲಿ ನಾನು ಬಟ್ಟೆ ಒಣಹಾಕುತ್ತಿದ್ದರೆ ಅವರು ಒಳಗೆ ಹೋಗುತ್ತಿದ್ದರು. ಊರಿಗೂ ಸುದ್ದಿ ಮುಟ್ಟಿತು. ಕಾಗದ ಓದಿಸಿಕೊಳ್ಳಲು ಬರುವವರು ಕಡಿಮೆಯಾದರು. ಬಂದ ಒಬ್ಬ, “ಎಲ್ಲಾ ಓದ್ರಿ ಅಕ್ಕೋರ, ಏನೂ ಬಿಡಬ್ಯಾಡ್ರಿ,” ಅಂದ. ಅವನು ಹಾಗೆಂದದ್ದು ಸರಿಯೇ.

ಎರಡು ತಿಂಗಳ ಮೇಲೆ ಚಿಗವ್ವ ಹಿತ್ತಿಲ ಕಡೆಯಿಂದ ನಮ್ಮ ಅಡುಗೆಮನೆಗೆ ಬಂದರು. ಕೂತರು. ಪೀಠಿಕೆಯಿಲ್ಲದೆ, “ಆ ಪುಟ ಐತೇನು? ಓದ್ರಿ,” ಅಂದರು.

ಇಂಗ್ಲಿಷ್ ಪುಟ ತೆಗೆದು ಒಂದೊಂದೇ ಸಾಲು ಹೇಳಿದೆ. ತಿಳಿಯದ ಕಡೆ, ಇದು ನನಗೆ ತಿಳಿಯುತ್ತಿಲ್ಲ ಎಂದು ಹೇಳಿದೆ. ಅವರ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು. ತಿಳಿಯದ್ದನ್ನು ಫೋನಿನಲ್ಲಿ ಇಂಜಿನಿಯರಮ್ಮನಿಗೆ ಬರೆದು ಕೇಳಿದೆ, ಅವರು ಅಲ್ಲಿಂದ ಉತ್ತರಿಸಿದರು. ವಾಸನೆಯಿಲ್ಲದ, ಕಾಣದ ಆ ಅನಿಲಕ್ಕೆ ಏನನ್ನಬೇಕು ಎಂದು ನಾನು ತಡವರಿಸಿದಾಗ ಚಿಗವ್ವ ಹೇಳಿದರು: “ನನಗ ಉಸಿರು ಕಟ್ಟಲಿಲ್ಲ. ನೋವಾಗಲಿಲ್ಲ. ನಿದ್ದಿ ಬಂತು, ಅಷ್ಟ. ನಿದ್ದಿಗಾಳಿ ಅಂತ ಬರೀರಿ. ನಮ್ಮ ಮಂದಿಗೆ ತಿಳೀತದ.”

ಹಾಗೆಯೇ ಬರೆದೆ. ಪುಟ ಅಚ್ಚಾಯಿತು, ಈ ಸಲ ಹೊದಿಕೆಯ ಮೇಲೆಯೇ. ಗಿರಣಿಯ ಗೋಡೆಯ ಮೇಲೂ ದೊಡ್ಡದಾಗಿ ಬಂತು. ಕಣಜ ಮತ್ತೆ ಕಟ್ಟಲಿಲ್ಲ. ಎತ್ತರದ ಕಟ್ಟೆ, ಮೇಲೆ ಇಳಿಜಾರು ಮಾಡು, ಸುತ್ತ ಜಾಲರಿ. ಥಂಡಿಗೆ ಸ್ವಲ್ಪ ಹಾಳಾಗುತ್ತದೆ, ಆಗಲಿ ಎಂದು ಹೆಂಗಸರೇ ತೀರ್ಮಾನಿಸಿದರು. ಸಂಯೋಜಕರು ಕೆಲಸ ಬಿಟ್ಟು ಹೋದರು. ಹೋಗುವ ಮುಂಚೆ ಚಿಗವ್ವನ ಮುಂದೆ ಬಂದು ನಿಂತು ಅತ್ತರು.

ಚಿಗವ್ವ ನನ್ನನ್ನು ಕ್ಷಮಿಸಿದ್ದಾರೆಯೇ, ನನಗೆ ಗೊತ್ತಿಲ್ಲ. ಕೇಳಿಲ್ಲ. ಮಾತಾಡುತ್ತಾರೆ, ಆದರೆ ಮೊದಲಿನಷ್ಟು ನಗುವುದಿಲ್ಲ.

ಈಚೆಗೆ ಆ ಲಾರಿ ಡ್ರೈವರ್ ಫೋನು ಮಾಡಿದ. “ಅಕ್ಕೋರೇ, ಇಲ್ಲಿ ಯಲ್ಲಾಪುರದಲ್ಲಿ ಒಬ್ರು ಹೊಸದಾಗಿ ಗುಳಿಗೆ ಘಟಕ ಹಾಕ್ತಿದ್ದಾರೆ. ಅಂಥದೇ ಕಣಜ ಕಟ್ತಿದ್ದಾರೆ. ನಾ ಹೇಳಿದ್ರೆ ನಗ್ತಾರೆ.”

ಚಿಗವ್ವನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಅವರು ಸೆರಗು ಹೊದ್ದು ಬಸ್‌ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ನಿಂತಿದ್ದರು.

ಆ ಘಟಕದ ಮಾಲೀಕರು ಮರ್ಯಾದಸ್ಥರು, ತಮ್ಮ ಸಾಮಿಲ್ಲಿನಲ್ಲೇ ಕೂರಿಸಿ ಚಹಾ ತರಿಸಿದರು. ನಾನು ಪುಟ ತೋರಿಸಿ ವಿವರಿಸಿದೆ. “ಬರೀ ಕಟ್ಟಿಗೆ ಪುಡಿ ಅಲ್ವಾ ಮೇಡಂ,” ಎಂದು ಅವರು ನಕ್ಕರು. ನಾನು ಎರಡನೇ ಸಲ ಹೇಳಲು ಹೊರಟಾಗ ಚಿಗವ್ವ ಪಕ್ಕದಲ್ಲಿಲ್ಲ. ಎದ್ದು ಕಣಜದ ಬಳಿ ಹೋಗಿದ್ದರು. ಅರ್ಧ ಕಟ್ಟಿದ ಕಣಜದೊಳಗೆ ಗಾರೆ ಕೆಲಸದ ಗೌಂಡಿಯೊಬ್ಬ ನೆರಳಿದೆ ಎಂದು ಕೂತು ಬುತ್ತಿ ಬಿಚ್ಚಿದ್ದ.

“ಹೊರಗ ಬಾರಪ್ಪಾ,” ಅಂದರು ಚಿಗವ್ವ. ಅವನು ನಕ್ಕ. “ಹೊರಗ ಬಾ! ಬಾ ಅಂದ್ರ ಬಾ!”

ಅವರ ಕೂಗಿಗೆ ಸಾಮಿಲ್ಲಿನ ಜನವೆಲ್ಲ ನಿಂತು ನೋಡಿದರು. ನಾನು ಓಡಿಹೋಗಿ, “ಚಿಗವ್ವ, ಒಳಗ ಏನೂ ತುಂಬಿಲ್ಲ. ಖಾಲಿ ಐತಿ,” ಅಂದೆ. ಅವರಿಗೆ ಅದು ಗೊತ್ತಿತ್ತು. ಆದರೂ ಬಾಗಿ ಒಳಗೆ ಕೈ ಚಾಚಿ ಅವನನ್ನು ಕರೆಯುತ್ತಲೇ ಇದ್ದರು. ಗೌಂಡಿ ಗಾಬರಿಯಾಗಿ ಬುತ್ತಿ ಸಮೇತ ಎದ್ದು ಹೊರಬಂದ. ಮಾಲೀಕರ ಮುಖದಲ್ಲಿ ನಗು ಉಳಿದಿರಲಿಲ್ಲ. ಅವರು ಬಂದು ನನ್ನ ಕೈಯಿಂದ ಆ ಹಾಳೆ ತೆಗೆದುಕೊಂಡು, ಕನ್ನಡಕ ಹಾಕಿ, ಮೊದಲಿನಿಂದ ಓದತೊಡಗಿದರು.

ಚಿಗವ್ವ ನನ್ನ ಮಣಿಕಟ್ಟು ಹಿಡಿದುಕೊಂಡರು. ಮಾಲೀಕರು ಓದಿ ಮುಗಿಸುವ ತನಕ ಬಿಡಲಿಲ್ಲ.